ಡೈರೆಕ್ಟರಿ ಮರೆತ ಬೀಚು

ಹೆಂಡತಿ ಹಳೆಯದೇನನ್ನೋ ನೆನಪಿಸಿಕೊಂಡು ನಕ್ಕರೆ ಗಂಡನಾದವನು ಕೂಡಲೇ ಎಚ್ಚರಗೊಳ್ಳಬೇಕು. ಡೈರೆಕ್ಟರಿಗೆ ಅಷ್ಟು ಹೊಳೆಯಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದ. ಹೆಂಡತಿ ಬಾಗಿಲಿಗೊರಗಿ ನಿಂತು ನಕ್ಕಳು.

"ಇವತ್ತಿಗೆ ನಮ್ಮ ಮದುವೆಯಾಗಿ ಮೂವತ್ತು ವರ್ಷ. ಹೊಸದರಲ್ಲಿ ಒಂದು ಭಾನುವಾರ ಬಸ್ಸು ಹತ್ತಿ ಹೊರಟಿದ್ವಲ್ಲ, ಆ ಬೀಚಿಗೆ ಸಂಜೆ ಹೋಗೋಣ್ವಾ? ನೆನಪಿದೆ ತಾನೇ?"

"ನೆನಪಿಲ್ಲದೆ ಏನು!" ಎಂದ ಡೈರೆಕ್ಟರಿ, ಮಂಚದ ಕೆಳಗಿನಿಂದಲೇ. ಮುಖ ಕಾಣದಿದ್ದದ್ದು ಅವನ ಪುಣ್ಯ.

ಅಂಚೆ ಕಚೇರಿಯ ವಿಂಗಡಣೆ ವಿಭಾಗದಲ್ಲಿ ಅವನದು ಇಪ್ಪತ್ತೆಂಟು ವರ್ಷದ ನೌಕರಿ. 'ಬೇಕರಿ ಹಿಂದೆ, ಹಸಿರು ಗೇಟು' ಎಂದಷ್ಟೇ ಬರೆದ ಕಾಗದ ಬಂದರೂ ಒಮ್ಮೆ ನೋಡಿ ಸರಿಯಾದ ಖಾನೆಗೆ ಎಸೆಯುತ್ತಿದ್ದ. ಡೈರೆಕ್ಟರಿ ಎಂಬ ಹೆಸರು ಬಿದ್ದದ್ದು ಹಾಗೆ. ಈಗ ಯೋಚಿಸಿದರೆ ಬಸ್ಸಿನ ಕಿಟಕಿ ನೆನಪಿತ್ತು, ಅವಳ ಹಸಿರು ಕೊಡೆ ನೆನಪಿತ್ತು, ಅವಳು ಸಣ್ಣಗೆ ಏನೋ ಗುನುಗುತ್ತಿದ್ದದ್ದೂ ನೆನಪಿತ್ತು. ಬೀಚು ಮಾತ್ರ ಅಳಿಸಿಹೋಗಿತ್ತು. ಊರಲ್ಲಿದ್ದದ್ದಾದರೂ ಒಂದಲ್ಲ, ನಾಲ್ಕು. ಮರೆತೆ ಎಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಹೋದ ವರ್ಷ ಈ ದಿನವನ್ನೇ ಮರೆತದ್ದಕ್ಕೆ ಅವಳು ಎಂಟು ದಿನ ಮಾತು ಬಿಟ್ಟಿದ್ದಳು. ಆ ಎಂಟು ದಿನ ಮನೆಯಲ್ಲಿ ಬಾಯಿ ಬಿಟ್ಟು ಸದ್ದು ಮಾಡಿದ್ದು ಫ್ರಿಜ್ ಒಂದೇ.

ಕಚೇರಿಯಲ್ಲಿ ಉಪಾಯವಾಗಿ ಕೇಳಿದ. "ನನ್ನ ಸ್ನೇಹಿತನೊಬ್ಬನಿಗೆ ಒಂದು ಸಮಸ್ಯೆ ಬಂದಿದೆ."

ಸ್ಟಾಂಪು ಮಾರುವ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದಳು. "ನಿಮ್ಮ ಸ್ನೇಹಿತರ ಹೆಂಡತಿಗೆ ನನ್ನ ಶುಭಾಶಯ ಹೇಳಿ. ದೀಪಸ್ತಂಭದ ಬೀಚೇ ಇರಬೇಕು. ಆಗ ಹೊಸ ಜೋಡಿಗಳೆಲ್ಲ ಅಲ್ಲಿಗೇ ಹೋಗ್ತಿದ್ದದ್ದು."

ಐದು ನಿಮಿಷದಲ್ಲಿ ಇಡೀ ಕಚೇರಿಗೆ ಸುದ್ದಿ ಗೊತ್ತಾಯಿತು. ಪೋಸ್ಟ್‌ಮಾಸ್ಟರರು ಕನ್ನಡಕ ತೆಗೆದು, ಬಂದರಿನ ಬೀಚಲ್ಲದೆ ಬೇರೆ ಸಾಧ್ಯವೇ ಇಲ್ಲ ಎಂದರು. ಪಾರ್ಸೆಲ್ ವಿಭಾಗದವನು ಮೂಟೆಯ ಮೇಲಿಂದ ಧುಮುಕಿ ಬಂದ. "ಬಂಡೆ ಬೀಚು ಕಣಯ್ಯ! ಕಣ್ಣು ಮುಚ್ಕೊಂಡು ಹೇಳ್ತೀನಿ!"

ಮಧ್ಯಾಹ್ನದ ಹೊತ್ತಿಗೆ ಉತ್ತರದ ಬಡಾವಣೆಯ ಕಾಗದಗಳೆಲ್ಲ ದಕ್ಷಿಣದ ಖಾನೆಗೆ ಬಿದ್ದಿದ್ದವು. "ಅರ್ಧ ದಿನ ರಜೆ ತಗೊಂಡು ನಾಲ್ಕೂ ನೋಡ್ಕೊಂಡು ಬನ್ನಿ ಮಾರಾಯ್ರೇ, ಊರಿನವರ ಟಪಾಲು ಉಳೀಲಿ," ಎಂದರು ಪೋಸ್ಟ್‌ಮಾಸ್ಟರರು. ಯಾರೂ ಕರೆಯದಿದ್ದರೂ ಪಾರ್ಸೆಲಿನವನು ಸ್ಕೂಟರಿನ ಹಿಂದೆ ಏರಿ ಕುಳಿತ.

ದೀಪಸ್ತಂಭದ ಬೀಚಿನಲ್ಲಿ ಮರಳು ಕಾಣದಂತೆ ಕಲ್ಲು ಹಾಸಿದ್ದರು. ಡೈರೆಕ್ಟರಿ ಚಹಾದ ಅಂಗಡಿಯ ಮುದುಕಿಯನ್ನು ಕೇಳಿದ. "ಅಮ್ಮಾ, ಹಸಿರು ಕೊಡೆ ಹಿಡ್ಕೊಂಡ ಒಬ್ಬಳು ಹುಡುಗಿ ಇಲ್ಲಿಗೆ ಬಂದಿದ್ದು ನೆನಪಿದ್ಯಾ?"

ಮುದುಕಿ ಗಾಬರಿಯಾಗಿ ಕಾವಲಿನವನನ್ನು ಕೂಗಿದಳು. ಅವನು ಸೀಟಿ ಊದುತ್ತಲೇ ಬಂದು ಪುಸ್ತಕ ತೆರೆದ. "ವಯಸ್ಸೆಷ್ಟು?"

"ಇಪ್ಪತ್ತೆರಡು."

"ಯಾವಾಗಿಂದ ಕಾಣಿಸ್ತಿಲ್ಲ?"

"ಮೂವತ್ತು ವರ್ಷದಿಂದ," ಎಂದುಬಿಟ್ಟ ಡೈರೆಕ್ಟರಿ. ಕಾವಲಿನವನು ಪುಸ್ತಕ ಮುಚ್ಚಿ, ಮನೆಗೆ ಹೋಗಿ ಮಲಗಿಕೊಳ್ಳಿ ಎಂದು ಇಬ್ಬರನ್ನೂ ರಸ್ತೆಗೆ ದಾಟಿಸಿದ.

ಬಂದರಿನ ಬೀಚಿಗೆ ಅಡ್ಡಲಾಗಿ ಗೋಡೆ ಎದ್ದಿತ್ತು. ಗಾಳಿಮರದ ಬೀಚಿನಲ್ಲಿ ಮರಗಳನ್ನೂ ದಂಡೆಯನ್ನೂ ಕಡಲೇ ನುಂಗಿತ್ತು. ಅದು ಸಾಲದೆ ಒಂದು ತೆರೆ ಬಂದು ಡೈರೆಕ್ಟರಿಯ ಪ್ಯಾಂಟನ್ನು ಮೊಣಕಾಲಿನವರೆಗೆ ತೋಯಿಸಿತು. ಉಳಿದದ್ದು ಬಂಡೆ ಬೀಚು. ಅಲ್ಲಿ ಮರಳಿತ್ತು, ಮೀನುಬಲೆ ಒಣಗುತ್ತಿತ್ತು, ಎಲ್ಲವೂ ಹಳೆಯ ಕಾಲದ ಹಾಗೇ ಇತ್ತು.

"ಇದೇ ಬಂಡೆ ನೋಡು," ಎಂದ ಪಾರ್ಸೆಲಿನವನು, ದನಿ ತಗ್ಗಿಸಿ. "ಮದುವೆಯಾದ ಹೊಸದು. ನನ್ನ ಹೆಂಡತಿಯ ಎಡಗಾಲಿನ ಚಪ್ಪಲಿ ತೆರೆಗೆ ಕೊಚ್ಕೊಂಡು ಹೋಯ್ತು. ರಸ್ತೆವರೆಗೂ ಹೊತ್ಕೊಂಡೇ ಬಂದೆ. 'ಬಿಡಿ, ಯಾರಾದ್ರೂ ನೋಡ್ತಾರೆ' ಅಂತ ಕಿವೀಲಿ ಹೇಳ್ತಾನೇ ಇದ್ಲು. ಈಗ ಅವಳನ್ನ ಎತ್ತೋಕೆ ಇಬ್ಬರು ಬೇಕು ಬಿಡು. ಆದ್ರೂ ಎಂಥ ದಿನಗಳಯ್ಯ ಅವು!"

ಡೈರೆಕ್ಟರಿ ಬಂಡೆಗೆ ಒರಗಿದ. ಉಪ್ಪುಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕಣ್ಣು ಮುಚ್ಚಿದರೆ ಹಸಿರು ಕೊಡೆ ಕಂಡಿತು, ಅದರ ಕೆಳಗೆ ಅವಳ ನಗು, ಮತ್ತೆ ನೋಡಿದರೆ ಅಲೆಯ ಮೇಲೆ ತೇಲಿಹೋಗುವ ಒಂದು ಚಪ್ಪಲಿ! ಹೌದು, ತಾವೂ ಬಂದದ್ದು ಇಲ್ಲಿಗೇ. ತೋಳಿನಲ್ಲಿ ಅವಳ ಭಾರ ಕೂಡ ನೆನಪಾಯಿತು. ಅವನಿಗೆ ನಿಜವಾಗಿಯೂ ಅಳು ಬಂತು. ಎಷ್ಟು ಬೇಗ ಕಳೆದುಹೋದವು ವರ್ಷಗಳು, ಎಷ್ಟು ಸುಮ್ಮನೆ ಕಳೆದೆವು ಎಂದು ಪಾರ್ಸೆಲಿನವನ ಹೆಗಲು ಹಿಡಿದು ಅತ್ತ.

ಸಂಜೆ ಐದೂವರೆಗೆ ಹೆಂಡತಿ ಅದೇ ಬಂಡೆಯ ಮೇಲೆ ಕುಳಿತಿದ್ದಳು. ಕಾಲು ಇಳಿಬಿಟ್ಟು, ಗಾಳಿಗೆ ಕೂದಲು ಬಿಟ್ಟುಕೊಟ್ಟು, ಕಡಲನ್ನೇ ನೋಡುತ್ತಿದ್ದಳು. ಇಷ್ಟು ಹಗುರವಾಗಿ ಅವಳು ಕುಳಿತದ್ದನ್ನು ಡೈರೆಕ್ಟರಿ ಬಹಳ ಕಾಲದಿಂದ ನೋಡಿರಲಿಲ್ಲ. ಗೆದ್ದೆ ಅಂದುಕೊಂಡ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೂ ಮುಗಿದುಹೋಗುತ್ತಿತ್ತು.

"ಇದೇ ಬಂಡೆ ಅಲ್ವಾ?" ಎಂದ. "ಇಲ್ಲೇ ನಿನ್ನ ಎಡಗಾಲಿನ ಚಪ್ಪಲಿ ಕೊಚ್ಕೊಂಡು ಹೋಗಿದ್ದು. ರಸ್ತೆವರೆಗೂ ಹೊತ್ಕೊಂಡು ಬಂದೆ. 'ಬಿಡಿ, ಯಾರಾದ್ರೂ ನೋಡ್ತಾರೆ' ಅಂತಿದ್ದೆ ನೀನು. ನಾನು ಏನನ್ನೂ ಮರೆತಿಲ್ಲ."

ಹೆಂಡತಿ ನಿಧಾನವಾಗಿ ತಿರುಗಿದಳು.

"ಆವತ್ತು ಅರ್ಧ ದಾರೀಲಿ ಬಸ್ಸು ಕೆಟ್ಟು ನಿಂತಿತ್ತು. ಸಾಯಂಕಾಲದವರೆಗೂ ಡಿಪೋ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದು ಮನೆಗೆ ಬಂದ್ವಿ. ಮುಂದಿನ ಭಾನುವಾರ ಹೋಗೋಣ ಅಂದ್ರಿ. ಆಮೇಲೆ ಮಕ್ಕಳ ಜೊತೆ ಬಂದ್ವಿ, ನೆಂಟರ ಜೊತೆ ಬಂದ್ವಿ, ನಾವಿಬ್ಬರೇ ಬರಲೇ ಇಲ್ಲ. ಇವತ್ತಾದ್ರೂ ತಲುಪೋಣ ಅಂತ ಕೇಳಿದೆ. ನಾಲ್ಕರಲ್ಲಿ ಯಾವ ಬೀಚಾದ್ರೂ ಸಾಕಾಗಿತ್ತು ನನಗೆ."

ಡೈರೆಕ್ಟರಿ ಬಗ್ಗಿ ಪ್ಯಾಂಟಿನ ಮರಳು ಕೊಡವತೊಡಗಿದ.

"ಇಲ್ಲಿ ನೀವು ಹೊತ್ಕೊಂಡಿದ್ದು ಯಾರನ್ನ?"

ಇವತ್ತಿನ ಬೆಳಿಗ್ಗೆಯವರೆಗೆ ಇಪ್ಪತ್ತೆಂಟು ವರ್ಷ ಒಂದು ಕಾಗದವನ್ನೂ ತಪ್ಪು ಮನೆಗೆ ಕಳಿಸದವನಿಗೆ ಆ ಗಳಿಗೆಯಲ್ಲಿ ಸತ್ಯವೊಂದೇ ನೆನಪಾಯಿತು.

"ಅಯ್ಯೋ, ಅದು ನೀನಲ್ಲ! ಪಾರ್ಸೆಲಿನವನ ಹೆಂಡತಿ!"

ಹೆಂಡತಿ ಬಂಡೆಯಿಂದಿಳಿದಳು, ಚಪ್ಪಲಿ ಎರಡನ್ನೂ ಕೈಗೆತ್ತಿಕೊಂಡಳು, ಮತ್ತು ಒಬ್ಬಳೇ ರಸ್ತೆಯ ಕಡೆ ನಡೆದಳು.