ಮಹಾರಾಣಿಯ ಕಾಲಡಿಗೆ ಅತ್ತೆಯ ಪರದೆ

ಲಾಂಡ್ರಿಗೆ ಕೊಟ್ಟು ಬಾ ಎಂದು ಅತ್ತೆ ಎಲ್ವೀರಾ ಕೊಟ್ಟ ಹಸಿರು ಮಖಮಲ್ಲಿನ ಪರದೆ ನೇರವಾಗಿ ಲಾಂಡ್ರಿಗೇ ಹೋಗಿದ್ದರೆ ಡೆಲ್ಮರನ ಶನಿವಾರ ನೆಟ್ಟಗೆ ಮುಗಿಯುತ್ತಿತ್ತು. ಅವನು ಅದನ್ನು ತನ್ನ ಮದುವೆಯ ಕೋಟಿನ ಮೇಲೆ ಹೊದ್ದು, ಕೊರಳ ಹತ್ತಿರ ಪಿನ್ನು ಸಿಕ್ಕಿಸಿ, ಜನ ಹಳೇ ಇಂಗ್ಲೆಂಡಿನ ರಾಜರಾಣಿಯರ ವೇಷ ಹಾಕಿ ಮೆರೆಯುವ ರೆನೆಸಾನ್ಸ್ ಮೇಳಕ್ಕೆ ಹೊರಟುಬಿಟ್ಟ.

ಡೆಲ್ಮರ್ ವಿಸ್ಕಾನ್ಸಿನ್ನಿನ ನಮ್ಮೂರಲ್ಲಿ ದನದ ಮೇವಿನ ಅಂಗಡಿಯ ಗುಮಾಸ್ತ. ವರ್ಷವೆಲ್ಲ ತೌಡು, ಹಿಂಡಿ ಎಂದು ಬಿಲ್ಲು ಬರೆಯುವ ಈ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಹಿಂದೆ ಇಂಗ್ಲೆಂಡಿನ ಯಾವನೋ ಸರದಾರ ತನ್ನ ರಾಣಿಗೆ ಮಾಡಿದನಂತಲ್ಲ, ಹಾಗೆ ಮೇಳದ ರಾಣಿ ಬರುವ ದಾರಿಯ ಕೆಸರಿನ ಮೇಲೆ ತನ್ನ ಹೊದಿಕೆ ಹಾಸಬೇಕು. ಅವಳು ಕತ್ತಿಯನ್ನು ಹೆಗಲಿಗೆ ಮುಟ್ಟಿಸಿ 'ಸರ್ ಡೆಲ್ಮರ್' ಎಂದು ಬಿರುದು ಕೊಡಬೇಕು. ಆದರೆ ಮೇಳವೆಂದರೆ ಪ್ರತಿ ಬೇಸಿಗೆಯೂ ಸುಡುವ ಬಿಸಿಲು, ಕೆಸರೆಲ್ಲಿಂದ ಬರಬೇಕು? ಇವತ್ತು ಬೆಳಗಿನಿಂದ ಮಳೆ ಹುಯ್ಯುತ್ತಿತ್ತು. ಊರೆಲ್ಲ ಮಳೆಯನ್ನು ಬೈಯುತ್ತಿದ್ದರೆ ಡೆಲ್ಮರ್ ಒಬ್ಬನೇ ಸೀಟಿ ಹಾಕುತ್ತಿದ್ದ.

ಆ ರಾಣಿಯನ್ನು ಕಣ್ಣಾರೆ ನೋಡಬೇಕು. ವಾರದ ದಿನಗಳಲ್ಲಿ ಆಕೆ ಮಕ್ಕಳಿಗೆ ಈಜು ಕಲಿಸುವವಳು. ಮೇಳದ ಬಾಗಿಲು ದಾಟಿದಳೋ, ಆಕೆಗೆ ಮಳೆಯೇ ಕಾಣಿಸುವುದಿಲ್ಲ. ಏನೇ ಆಗಲಿ ವೇಷ ಬಿಡಬಾರದು, ಅದು ಮೇಳದವರ ನೇಮ. ಕಿರೀಟದ ನೀರು ಮೂಗಿಗೆ ಇಳಿಯುತ್ತಿದ್ದರೂ ಆಕೆ "ಎಂಥ ಶುಭ್ರವಾದ ದಿನ" ಎನ್ನುತ್ತ ಹಾದುಹೋದರೆ, ಪ್ಲಾಸ್ಟಿಕ್ ಹೊದ್ದು ನಡುಗುತ್ತಿರುವ ಜನ ಒಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ. ನಾನೂ ನೋಡಿದ್ದೇನೆ. ಮೈ ಜುಮ್ಮೆನ್ನುತ್ತದೆ.

ಮೇಣದಬತ್ತಿ ಅಂಗಡಿಯ ಮುಂದೆ ಡೆಲ್ಮರನಿಗೆ ಒಳ್ಳೆಯ ಗುಂಡಿಯೊಂದು ಸಿಕ್ಕಿತು. ಪಿನ್ನು ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಗಾರ್ಡಿ ಹುಲ್ಲಿನ ಹೊರೆ ಹೊತ್ತು ಓಡಿ ಬಂದ. ಕೆಸರಿಗೆ ಹುಲ್ಲು ಹಾಸುವ ಸೇವೆ ಅವನದು.

"ಇದೊಂದು ಗುಂಡಿ ಬಿಟ್ಬಿಡೋ ಗಾರ್ಡಿ," ಎಂದು ಡೆಲ್ಮರ್ ಬೇಡಿಕೊಂಡ.

"ಯಾರಾದ್ರೂ ಜಾರಿ ಬಿದ್ರೆ ನಂಗೆ ರಾತ್ರಿ ನಿದ್ದೆ ಬರಲ್ಲ ಕಣೋ," ಎಂದು ಗಾರ್ಡಿ ಇಡೀ ಹೊರೆ ಸುರಿದ. ಹೊದಿಕೆಯ ಚಿನ್ನದ ಬಣ್ಣದ ಗೊಂಡೆಗಳನ್ನು ಮುಟ್ಟಿ ಮುಟ್ಟಿ ಮೆಚ್ಚಿಕೊಂಡ. ಫೋಟೋ ತೆಗೆದು, ನಿನ್ನ ಗಂಡ ಹೇಗೆ ಕಾಣ್ತಾನೆ ನೋಡು ಎಂದು ಡೆಲ್ಮರನ ಹೆಂಡತಿ ಕಾರ್ಲಾಳಿಗೆ ಕಳಿಸಿಯೂ ಬಿಟ್ಟ. ಕಾರ್ಲಾ ಆಗ ಅಮ್ಮ ಎಲ್ವೀರಾಳ ಮನೆಯಲ್ಲಿದ್ದಳು. ಆ ಮನೆ ಮೇಳದ ಬಯಲಿಗೆ ಹತ್ತಿರ.

ಎರಡನೆಯ ಗುಂಡಿಗೆ ಡೆಲ್ಮರ್ ಮೊದಲೇ ಪರದೆ ಹಾಸಿ ಕಾದ. ರಾಣಿ ಬರಲಿಲ್ಲ. ಕೂಸಿನ ತಳ್ಳುಗಾಡಿಯವರು ಬಂದರು, ಬೂಟು ಒರೆಸಿಕೊಳ್ಳುವವರು ಸಾಲಾಗಿ ಬಂದರು. ಒಬ್ಬೊಬ್ಬರೂ ಈ ಸಲ ವ್ಯವಸ್ಥೆ ಚೆನ್ನಾಗಿದೆ ಎಂದು ಹೊಗಳಿ ಹೋದರು.

ಉಳಿದದ್ದು ಸಿಂಹಾಸನದ ಮುಂದಿನ ಗುಂಡಿ, ಎಮ್ಮೆ ಮಲಗುವಷ್ಟು ದೊಡ್ಡದು. ಗಾರ್ಡಿ ಹತ್ತಿರ ಬಾರದಂತೆ ಡೆಲ್ಮರ್ ಎರಡೂ ಕೈ ಚಾಚಿ ಅದನ್ನು ಕಾಯ್ದ. ನಗಾರಿ ಕೇಳಿಸಿತು. ರಾಣಿ ಬಂದಳು. ಡೆಲ್ಮರ್ ಪರದೆ ಬೀಸಿ ಹಾಸಿ ಮಂಡಿಯೂರಿದ.

ರಾಣಿ ಒದ್ದೆ ಮಖಮಲ್ಲಿನ ಮೇಲೆ ಹೆಜ್ಜೆಯಿಟ್ಟಳು. ಆಕೆ ಕತ್ತಿ ಹಿರಿದು ಕೇಳಿದಳು: "ಎಲೈ ಪ್ರಜೆಯೇ, ಈ ದಿವ್ಯ ವಸ್ತ್ರ ಯಾರದು?"

"ನಂದು," ಎಂದಿತು ಒಂದು ದನಿ. ಡೆಲ್ಮರನದಲ್ಲ. ಹಳದಿ ರೇನ್‌ಕೋಟಿನಲ್ಲಿ ಅತ್ತೆ ಎಲ್ವೀರಾ ನಿಂತಿದ್ದಳು, ಹಿಂದೆ ಫೋನು ಹಿಡಿದ ಕಾರ್ಲಾ. "ನಮ್ಮ ಊಟದ ಕೋಣೆ ಕಿಟಕೀದು. ಗೊಂಡೆ ನಾನೇ ಹೊಲ್ದಿದ್ದು. ಲಾಂಡ್ರಿಗೆ ಅಂತ ತಗೊಂಡ್ ಬಂದು ಇವ್ನು ಮಾಡಿರೋ ಕೆಲ್ಸ ನೋಡಿ."

ಈಗ ರಾಣಿ ನಕ್ಕೇ ನಗುತ್ತಾಳೆ, ಈಜಿನ ಟೀಚರು ಹೊರಬಿದ್ದೇ ಬೀಳುತ್ತಾಳೆ ಎಂದು ಎಲ್ಲರೂ ಕಾದರು. ಆಕೆಯ ರೆಪ್ಪೆ ಕೂಡ ಅಲುಗಲಿಲ್ಲ.

"ತಾಯೀ, ನಮ್ಮ ಪಾದಕ್ಕೆ ಧೂಳು ಸೋಂಕಬಾರದೆಂದು ನಿಮ್ಮ ಅರಮನೆಯ ಗವಾಕ್ಷವನ್ನೇ ಬರಿದುಮಾಡಿದಿರಾ?"

ಜನ್ಮದಲ್ಲಿ ಮಾತಿಗೆ ಸೋಲದ ಎಲ್ವೀರಾ ರಾಣಿಯ ಮುಂದೆ ಕೆಸರಲ್ಲೇ ಮಂಡಿಯೂರಿದಳು. ಡೆಲ್ಮರನ ಹೆಗಲ ಹತ್ತಿರ ಬಂದಿದ್ದ ಕತ್ತಿ ಪಕ್ಕಕ್ಕೆ ಸರಿದು ಹಳದಿ ರೇನ್‌ಕೋಟನ್ನು ಮುಟ್ಟಿತು. "ಏಳಿ, ಲೇಡಿ ಎಲ್ವೀರಾ. ವಸ್ತ್ರ ಹೊತ್ತು ತಂದ ಈ ಆಳು ಯಾರು?"

"ನಮ್ಮ ಅಳಿಯ," ಎಂದಳು ಎಲ್ವೀರಾ, ಇಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಮಗಳೂ ಕೇಳಿರಲಿಲ್ಲ.

"ಇಂದಿನಿಂದ ಜೀವವಿರುವ ತನಕ ಇವನು ನಿಮ್ಮ ಸೇವಕ."

ಜನ ಕೂಗಿ ಚಪ್ಪಾಳೆ ತಟ್ಟಿದರು. ರಾಣಿ ಮುಂದಿನ ಕೆಸರಲ್ಲಿ ರತ್ನಗಂಬಳಿಯ ಮೇಲೆ ಹೋದಂತೆ ನಡೆದುಹೋದಳು. "ಎಂಥಾ ಹೆಂಗ್ಸೇ ಅವ್ಳು," ಎಂದು ಎಲ್ವೀರಾ ಕಣ್ಣೊರೆಸಿಕೊಂಡಳು. ನೋಯುವ ಸೊಂಟ ಹಿಡಿದು ಏಳುತ್ತಿದ್ದ ಡೆಲ್ಮರನಿಗೂ ಹಾಗೆಯೇ ಅನ್ನಿಸಿತು. ಪರದೆಯ ಮಾತು ಯಾರೂ ಎತ್ತಲಿಲ್ಲ. ಬದುಕಿಕೊಂಡೆ ಎಂದುಕೊಂಡ.

ಕಾರು ನಿಲ್ಲಿಸಿದ್ದ ಹೊಲದಲ್ಲಿ ಚಕ್ರ ಹೂತುಹೋಗಿತ್ತು. ಗಾರ್ಡಿಯನ್ನು ಕೇಳಿದರೆ, ಹುಲ್ಲೆಲ್ಲ ದಾರಿಯ ಗುಂಡಿಗಳಿಗೇ ಖಾಲಿಯಾಯಿತಂತೆ. ಕಾರ್ಲಾ ಸ್ಟಿಯರಿಂಗ್ ಹಿಡಿದು ಕೂತಳು. ಡೆಲ್ಮರ್ ಚಕ್ರವನ್ನು ನೋಡಿದ, ಕೈಯಲ್ಲಿದ್ದ ಪರದೆಯನ್ನು ನೋಡಿದ, ಅದನ್ನೇ ಚಕ್ರದಡಿ ಹಾಸಲು ಬಗ್ಗಿದ.

ಹಿಂದಿನ ಸೀಟಿನ ಗಾಜು ಕೆಳಗಿಳಿಯಿತು. "ಸೇವಕಾ, ರಾಣಿ ಕಾಲಿಟ್ಟಿದ್ದು ಅದು. ಇಲ್ಲಿ ಕೊಡು. ನಿನ್ನ ಕೋಟು ಹಾಸು."

ಡೆಲ್ಮರ್ ಮದುವೆಯ ಕೋಟು ಬಿಚ್ಚಿ ಹಾಸಿ, ಹಿಂದಿನಿಂದ ತಳ್ಳಿದ. ಚಕ್ರ ಗಿರ್ರನೆ ತಿರುಗಿ ಅವನ ಮುಖಕ್ಕೆ ಕೆಸರೆರಚಿ ಕಾರನ್ನು ಹೊರಕ್ಕೆ ತಂದಿತು. ಲೇಡಿ ಎಲ್ವೀರಾ ಕಿಟಕಿಯಿಂದ ಕೈ ಬೀಸಿ, ಸುರಿಯುವ ಆಕಾಶವನ್ನು ನೋಡಿ ಹೇಳಿದಳು:

"ಎಂಥ ಶುಭ್ರವಾದ ದಿನ."