ಮೆದುಳಿಗೆ ಕಷಾಯ ಕುಡಿಸಿದ ದಿನಗಳು

ದೆಹಲಿ ಪಕ್ಕದ ಮಾನೇಸರ್‌ನ ಪ್ರಯೋಗಾಲಯದಲ್ಲಿ ನಾನಿದ್ದ ಆ ವರ್ಷಗಳಲ್ಲಿ, ನನ್ನ ಕೆಲಸ ಏನೆಂದು ಹೇಳಲು ಬಾಯಿ ತೆರೆದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಕೆಲಸ ಇಷ್ಟೇ: ಎರಡು ಬೆರಳಗಲದ ಪಾರದರ್ಶಕ ಚಿಪ್. ಅದರೊಳಗೆ ದಾರದಷ್ಟು ಸಣ್ಣ ಕಾಲುವೆಗಳು. ಅಲ್ಲಿ ಇಲಿಯ ಮೆದುಳಿನ ಜೀವಕೋಶಗಳನ್ನು ಬೆಳೆಸಿ, ಅವಕ್ಕೆ ಉರಿಯೂತ ಬರಿಸಿ, ಆಮೇಲೆ ಒಂದೆಲಗದ ಸಾರ ಹರಿಸಿ, ಉರಿ ತಗ್ಗಿತೇ ಎಂದು ನೋಡುವುದು.

ಶಾಲೆಯಲ್ಲಿ

ದೆಹಲಿಯ ಪೀತಮ್‌ಪುರದ ಶಾಲೆಯಲ್ಲಿ ಟೀಚರ್ ನನ್ನ ಮಗಳನ್ನು, "ಅಮ್ಮ ಏನು ಮಾಡುತ್ತಾರೆ?" ಎಂದು ಕೇಳಿದರಂತೆ. ಇವಳು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ, "ಮಮ್ಮಿ ಬ್ರೇನ್‌ಗೆ ಕಾಢಾ ಕುಡಿಸ್ತಾಳೆ" ಎಂಬರ್ಥದಲ್ಲಿ ಹೇಳಿದ್ದಾಳೆ; ಕಾಢಾ ಎಂದರೆ ಕಷಾಯ. ಮುಂದಿನ ಪೋಷಕರ ಸಭೆಯಲ್ಲಿ ಟೀಚರ್ ಕೆಂಪು ಗೀಟು ತುಂಬಿದ ಅವಳ ಗಣಿತದ ಉತ್ತರಪತ್ರಿಕೆ ನನ್ನ ಮುಂದಿಟ್ಟು ಮೆಲ್ಲಗೆ ಕೇಳಿದರು: "ಮೇಡಂ, ಆ ಕಾಢಾ ಮನೆಗೂ ಸ್ವಲ್ಪ ತರಬಹುದಿತ್ತಲ್ಲ?"

ಗೇಟಿನಲ್ಲಿ

ಒಮ್ಮೆ ಬೇರೆ ಲ್ಯಾಬಿನಿಂದ ಜೀವಕೋಶಗಳನ್ನು ಡಬ್ಬಿಯಲ್ಲಿ ತಂದಿದ್ದೆ. ಗೇಟಿನ ಕಾವಲುಗಾರ ಹೊಸಬ, ಬಲು ಕಟ್ಟುನಿಟ್ಟು.

"ಒಳಗೇನಿದೆ?"

"ಮೆದುಳಿನ ಜೀವಕೋಶ, ಭಯ್ಯಾ."

"ಯಾರದು?"

"ಇಲಿಯದು."

"ಅಚ್ಛಾ. ವಾಪಸ್ ತಗೊಂಡು ಹೋಗ್ತೀರಾ?"

"ಇಲ್ಲ."

ಅವನು ರಿಜಿಸ್ಟರಿನಲ್ಲಿ ಬರೆದುಕೊಂಡ. ಸಂಜೆ ಹೊರಟಾಗ ನನ್ನ ಬರಿಗೈ ನೋಡಿ, ರಿಜಿಸ್ಟರಿನ ಮೇಲೆ ಬೆರಳಾಡಿಸಿ, ಸಲಾಂ ಹೊಡೆದ: "ಸರಿಯಾಗಿದೆ ಮೇಡಂ. ಮೆದುಳು ಒಳಗೇ ಬಿಟ್ಟಿದ್ದೀರಿ, ಚಲೋ, ಹೋಗಿ."

ಮೈಕ್ರೋಸ್ಕೋಪಿನಲ್ಲಿ

ನಮ್ಮ ಯೋಜನೆ ಇನ್ನೊಂದು ವರ್ಷ ಮುಂದುವರಿಯಬೇಕೋ ಬೇಡವೋ ಎಂದು ನಿರ್ಧರಿಸಲು ನಮ್ಮ ಕರ್ನಾಟಕದ ಕಡೆಯ ಅಧಿಕಾರಿಯೊಬ್ಬರು ಬಂದರು. ದೆಹಲಿಯ ಚಾಣಕ್ಯಪುರಿಯ ಅತಿಥಿಗೃಹದಿಂದ ಕಾರಿನಲ್ಲಿ, ಜೊತೆಗೊಬ್ಬ ಸಹಾಯಕ. ಯೋಜನೆ ನಿಂತರೆ ನನ್ನ ಕೆಲಸವೂ ನಿಂತ ಹಾಗೆ. ನಮ್ಮ ಮುಖ್ಯಸ್ಥರು ಬೆಳಗಿನಿಂದ ನೀರು ಕುಡಿಯುತ್ತಲೇ ಇದ್ದರು.

ಅಧಿಕಾರಿ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿ ಹಿಡಿದು, "ಅಬ್ಬಾ!" ಎಂದರು. "ಕಪ್ಪು ಕಪ್ಪು ನರಗಳು. ಹೇಗೆ ಮಿಸುಕಾಡ್ತಿವೆ ನೋಡಿ! ಇದೇ ಉರಿಯೂತ ಅಲ್ವಾ?"

ಜೀವಕೋಶಗಳಿಗೆ ಕಪ್ಪು ಬಣ್ಣವೂ ಇರಲಿಲ್ಲ, ಕುಣಿಯುವ ಅಭ್ಯಾಸವೂ ಇರಲಿಲ್ಲ. ಮುಖ್ಯಸ್ಥರು ನೆಲ ನೋಡಿದರು.

"ನೀವೂ ನೋಡ್ರೀ," ಎಂದು ಅಧಿಕಾರಿ ಸಹಾಯಕನನ್ನು ಕರೆದರು. ಅವನು ಬಗ್ಗಿ ನೋಡಿದ. "ಹೌದು ಸಾರ್, ಎಷ್ಟು ಸ್ಪಷ್ಟ!"

ಇನ್ನು ಸುಮ್ಮನಿದ್ದರೆ ವರದಿಯಲ್ಲೂ ಅದೇ ಬರುತ್ತದೆ. ನಾನು ಧೈರ್ಯ ಮಾಡಿದೆ. "ಸಾರ್, ಕ್ಷಮಿಸಿ. ಅದು ತಮ್ಮ ಕಣ್ಣಿನ ರೆಪ್ಪೆಗೂದಲು. ಸ್ವಲ್ಪ ಹಿಂದೆ ಸರಿದು ನೋಡಿ."

ಅವರು ಹಿಂದೆ ಸರಿದು ನೋಡಿದರು. ಒಂದು ನಿಮಿಷ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಇದ್ದದ್ದು ಇದ್ದ ಹಾಗೆ ಹೇಳ್ತೀರಲ್ಲಮ್ಮ. ಇನ್ನೊಂದು ವರ್ಷ ಮುಂದುವರಿಸಿ."

ನಾನು ಉಸಿರು ಬಿಡುವಷ್ಟರಲ್ಲಿ ಸಹಾಯಕನ ಕಡೆ ತಿರುಗಿದರು. "ಏನ್ರೀ, ನನ್ನ ರೆಪ್ಪೆ ನಿಮಗೆ ಹೇಗೆ ಕಾಣಿಸ್ತು?"

ಅವನು ಕೈಕಟ್ಟಿ ನಿಂತ. "ಛೆ ಛೆ, ತಮ್ಮದನ್ನ ನಾನು ನೋಡೋದುಂಟಾ ಸಾರ್? ನಾನು ನೋಡಿದ್ದು ನನ್ನದು."