ಮುದಿ ಮಂಗನ ಪಿಕ್ಚರೂ ನಮ್ಮ ಬಾಳೆಗೊನೆಯೂ

ವಯಸ್ಸಾದ ಹೆಂಗಸಿಗೆ ದೇವರ ಪಿಕ್ಚರೇ ಇಷ್ಟವಾಗಬೇಕು ಎಂದು ಯಾರು ತೀರ್ಮಾನ ಮಾಡಿದರೋ ಗೊತ್ತಿಲ್ಲ. ನನ್ನನ್ನು ಕೇಳಿ ಮಾಡಿದ್ದಲ್ಲ. ನನಗೆ ಇಷ್ಟವಾದದ್ದು ಮಂಗಗಳ ಪಿಕ್ಚರ್. ಅದೂ ನಿಜವಾದ ಮಂಗಗಳಲ್ಲ, ಚಿತ್ರ ಬರೆದು ಓಡಾಡಿಸಿದ ಮಂಗಗಳು. ಮೊಮ್ಮಗಳು ಆದ್ಯಾ ಶಾಲೆಯಿಂದ ಬಂದವಳೇ ಟಿ.ವಿ.ಯಲ್ಲಿ ಹಾಕುತ್ತಾಳೆ. ಅವಳಿಗಿಂತ ಮೊದಲು ಎದುರು ಕೂತಿರುವವಳು ನಾನು. ಅದರ ಹೆಸರು ಇಂಗ್ಲಿಷಿನಲ್ಲಿ ಉಂಟು, ಮಾತು ಹಿಂದಿಯಲ್ಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಎರಡೂ ಒಂದೇ. ಮಂಗನಿಗೆ ಹಸಿವಾದದ್ದು ಗೊತ್ತಾಗಲು ಹಿಂದಿ ಬೇಕಾ?

ಕಥೆ ಇಷ್ಟೇ. ಗಾಳಿಗೆ ಮರ ಬಿದ್ದು ಮನೆ ಹೋದ ಮಂಗನ ಸಂಸಾರವೊಂದು ತೆಪ್ಪ ಕಟ್ಟಿಕೊಂಡು ಹೊಸ ಕಾಡು ಹುಡುಕಿ ಹೊಳೆಯಲ್ಲಿ ಹೊರಡುತ್ತದೆ. ಸುಳಿ, ಬಂಡೆ, ಮೊಸಳೆ ಎಲ್ಲ ಬರುತ್ತವೆ. ಅಂಥದ್ದು ಬೇರೆ ಪಿಕ್ಚರಿನಲ್ಲೂ ಉಂಟು. ಇದರಲ್ಲಿ ಮಾತ್ರ ಇರುವುದು ಒಂದು ಅಜ್ಜಿ ಮಂಗ. ನಾನು ನೋಡಿದ ಪಿಕ್ಚರುಗಳಲ್ಲಿ ಅಜ್ಜಿಯರಿಗೆ ಎರಡೇ ಕೆಲಸ, ಆಶೀರ್ವಾದ ಮಾಡುವುದು ಮತ್ತು ಸಾಯುವುದು. ಈ ಅಜ್ಜಿ ಎರಡನ್ನೂ ಮಾಡುವುದಿಲ್ಲ. ತೆಪ್ಪದಲ್ಲಿ ಒಳ್ಳೆಯ ಜಾಗ ಹಿಡಿಯುತ್ತಾಳೆ. ಹಣ್ಣು ಸಿಕ್ಕಿದರೆ ಮೊದಲು ತಾನು ತಿಂದು, ಹುಟ್ಟು ಹಾಕುವವರಿಗೆ ಬೈಯುತ್ತಾಳೆ. ಕೊನೆಗೆ ಎಲ್ಲರ ಜೊತೆ ದಡ ಮುಟ್ಟಿ ಪುನಃ ತಿನ್ನುತ್ತಾಳೆ. ಇಷ್ಟು ನಿಜವನ್ನು ಪಿಕ್ಚರಿನವರು ಹೇಳಿದ್ದು ನಾನು ಬೇರೆಲ್ಲೂ ಕಾಣೆ.

ತೊಂದರೆ ಏನೆಂದರೆ, ನಮ್ಮ ಮನೆಯಲ್ಲಿ ಮಂಗ ಓಡಿಸುವ ಕೆಲಸವೂ ನನ್ನದೇ. ನಾನು ತಗಡಿನ ಡಬ್ಬ ಬಡಿದರೆ ನೆರೆಮನೆಯ ಕಮಲಕ್ಕನ ಕೋಳಿಗಳೂ ಓಡುತ್ತವೆ. ಹಿತ್ತಿಲಲ್ಲಿ ನೇಂದ್ರ ಬಾಳೆಯ ಗೊನೆಯೊಂದು ಬಲಿತಿತ್ತು. ಚಿಪ್ಸ್ ಮಾಡಿ ಕೊಡುತ್ತೇನೆಂದು ಆದ್ಯಾಳಿಗೆ ಮಾತು ಕೊಟ್ಟಿದ್ದೆ.

"ಅತ್ತೆ, ನಾಳೆ ಕಡಿಯುವ. ಇವತ್ತೊಂದು ದಿನ ನೋಡ್ಕೊಳ್ಳಿ" ಎಂದು ಸೊಸೆ ಶಾರದಾ ಬೆಳ್ಳಾರೆ ಪೇಟೆಗೆ ಹೊರಟಳು.

"ನನಗೆ ಹೇಳಿಕೊಡುದು ಬೇಡ. ನೀನು ಈ ಮನೆಗೆ ಬರುವ ಮೊದಲೇ ನಾನು ಮಂಗ ಓಡಿಸಿದವಳು" ಎಂದೆ.

ಮಂಗಗಳು ಬಂದವು. ಡಬ್ಬ ಎತ್ತಿದೆ. ಅಷ್ಟರಲ್ಲಿ ಹಿಂಡಿನ ಹಿಂದಿನಿಂದ ಕಿವಿ ಹರಿದ ಒಂದು ಮುದಿ ಹೆಣ್ಣುಮಂಗ ನಿಧಾನಕ್ಕೆ ಬಂದು ಬೇಲಿಯ ಮೇಲೆ ಕೂತಿತು. ಕನಿಕರ ಎಂದುಕೊಳ್ಳಬೇಡಿ. ಇದೂ ಮೊದಲು ತಿನ್ನುತ್ತದಾ ಎಂದು ನನಗೆ ನೋಡಬೇಕಿತ್ತು, ಅಷ್ಟೆ. ತಿನ್ನಲಿಲ್ಲ. ಪ್ರಾಯದ ಗಂಡುಗಳು ಗೊನೆಯ ಮೇಲೆ ಬಿದ್ದವು. ಇದಕ್ಕೆ ಸಿಕ್ಕಿದ್ದು ಸಿಪ್ಪೆ. "ಥೂ, ಎದ್ದು ಕಿತ್ಕೊಳ್ಳೇ!" ಎಂದು ಕೂಗಿ ಹೇಳಿಕೊಟ್ಟೆ. ಕೇಳಲಿಲ್ಲ. ಗಂಡುಗಳನ್ನು ಓಡಿಸಿದರೆ ಇದಕ್ಕೆ ಎರಡಾದರೂ ಸಿಕ್ಕೀತು ಎಂದು ಡಬ್ಬ ಬಡಿದೆ. ಮೊದಲು ಬೆದರಿ ಬೇಲಿ ಇಳಿದು ಹೋದದ್ದೇ ಅದು! ಗಂಡುಗಳು ಉಳಿದ ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆರಾಮವಾಗಿ ಹೋದವು.

ಪೇಟೆಯಿಂದ ಬಂದ ಶಾರದಾ ಬೋಳು ಗೊನೆಯನ್ನು ನೋಡಿದಳು.

"ಡಬ್ಬ ಬಡಿಲಿಲ್ವಾ ಅತ್ತೆ?"

"ಬಡಿದೆ."

"ಯಾವಾಗ?"

"ಅವು ತಿಂದ ಮೇಲೆ."

ಬೇಲಿಯಾಚೆಯಿಂದ ಕಮಲಕ್ಕ ಬಾಯಿ ಹಾಕಿದಳು. "ಎಂತ ಉಪಚಾರ ಮಾರಾಯ್ತಿ! ಎದ್ದು ಕಿತ್ಕೊಳ್ಳೇ ಅಂತ ಒತ್ತಾಯ ಮಾಡಿ ಬಡಿಸ್ತಾ ಇದ್ದರು ನಿನ್ನ ಅತ್ತೆ." ಆಗಷ್ಟೇ ಶಾಲೆಯಿಂದ ಬಂದ ಆದ್ಯಾ ಚೀಲ ಹೆಗಲಲ್ಲಿಟ್ಟುಕೊಂಡೇ ಅದನ್ನೆಲ್ಲ ಕೇಳಿಸಿಕೊಂಡಳು. ನನ್ನನ್ನು ಒಂದು ಸಲ ನೋಡಿದಳು.

ಸೊಸೆಯೇ ಪುನಃ ಹೋಗಿ ಅಂಗಡಿಯಿಂದ ಒಂದು ಪೊಟ್ಟಣ ಚಿಪ್ಸ್ ತಂದಳು. ಜಗಲಿಯ ಚಾಪೆಯಲ್ಲಿ ಕೂತಿದ್ದ ನಾನು ಅದನ್ನು ಒಡೆದು, "ಮನೆಯಲ್ಲಿ ದೊಡ್ಡವರು ಮೊದಲು" ಎಂದು ಕೈ ಹಾಕಿದೆ.

"ಅದು ಪಿಕ್ಚರ್ ನೋಡಿ ಕಲ್ತದ್ದಾ ಅತ್ತೆ?"

"ಅಲ್ಲ, ಅವರು ನನ್ನನ್ನು ನೋಡಿ ಪಿಕ್ಚರ್ ಮಾಡಿದ್ದು."

ಅಷ್ಟು ಹೇಳಿ ಮುಗಿಸುವುದರೊಳಗೆ ಆದ್ಯಾ ಪೊಟ್ಟಣ ಎಳೆದುಕೊಂಡು ಅಂಗಳಕ್ಕೆ ಹಾರಿದಳು. ಅಲ್ಲಿಂದ ಕೂಗು: "ಅಜ್ಜೀ, ಎದ್ದು ಕಿತ್ಕೊಳ್ಳಿ!"

ಏಳಲು ನೋಡಿದೆ. ಮೊಣಕಾಲು ಒಪ್ಪಲಿಲ್ಲ. ಬೇಲಿಯ ಮೇಲಿನ ಮುದುಕಿ ಯಾಕೆ ಏಳಲಿಲ್ಲ ಎಂದು ಆಗ ಗೊತ್ತಾಯಿತು. ಚಾಪೆಯ ಮೇಲೆ ಬಿದ್ದಿದ್ದ ಎರಡು ಚೂರು ಹೆಕ್ಕಿ ಬಾಯಿಗೆ ಹಾಕಿಕೊಂಡೆ. ಉಪ್ಪು ಜಾಸ್ತಿ.